ಮನೆ ಕಟ್ಟೋರು ಪದೇ ಪದೇ ಕೇಳೋ ಪ್ರಶ್ನೆಗಳು: ಪಾಯ, ಮೋಲ್ಡು, ಕ್ಯೂರಿಂಗು, ಮಣ್ಣಿನ ಇಟ್ಟಿಗೆ, ಮಳೆನೀರು

ತುಮಕೂರು ಕಡೆ ಸಣ್ಣ ಸಣ್ಣ ಮನೆಗಳ ಸೈಟ್ ನೋಡ್ಕೊಳೋ ಕೆಲಸ ನಂದು, 20×30 ಅಡಿ, 30×40, ಅಬ್ಬಬ್ಬಾ ಅಂದ್ರೆ 40×60. ಮದುವೆಮನೇಲಿ ಎಲೆ ಮುಂದೆ ಕೂತಿದ್ರೂ ಪಕ್ಕದೋರು ಬಿಡಲ್ಲ, "ಅಂದಂಗೆ ಯಾವ ಸಿಮೆಂಟ್ ಒಳ್ಳೇದು ಹೇಳಿ" ಅಂತ ಶುರು ಮಾಡ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೆ ಒಂದ್ಸಲ ಕೂತು ಬರೆದಿಟ್ಟಿದೀನಿ.

ನಮ್ಗೆ ಪರಿಸರಸ್ನೇಹಿ ಮನೆ ಬೇಕು, ಯಾವ ಮೆಟೀರಿಯಲ್ ಹಾಕ್ಸೋದು?

ಮೆಟೀರಿಯಲ್ ಆಮೇಲೆ, ಮೊದ್ಲು ಎಷ್ಟು ಚದರ (ಒಂದು ಚದರ ಅಂದ್ರೆ ನೂರು ಚದರ ಅಡಿ) ಬೇಕು ಹೇಳಿ. ನಾಲ್ಕು ಜನ ಇರೋ ಮನೆಗೆ 22 ಚದರದ ಪ್ಲಾನ್ ಹಿಡ್ಕೊಂಡು ಬಂದು, ಅದಕ್ಕೆ ಮೇಲೊಂದು ಸೋಲಾರ್ ಇಟ್ಟು ಗ್ರೀನ್ ಹೌಸ್ ಅಂದ್ರೆ ನಂಗೆ ನಗು ಬರತ್ತೆ. ವರ್ಷಕ್ಕೆ ಎರಡು ದಿನ ನೆಂಟರು ಬರ್ತಾರೆ ಅಂತ ಕಟ್ಟೋ ಗೆಸ್ಟ್ ರೂಮಿದೆಯಲ್ಲ, ಮಿಕ್ಕ 363 ದಿನ ಅಲ್ಲಿರೋದು ಹಳೇ ಹಾಸಿಗೆ ಮತ್ತೆ ಮಿಕ್ಸಿ ಡಬ್ಬ. ಅದೊಂದು ರೂಮ್ ಬಿಟ್ರೆ ಅದರ ಪಾಯ, ಗೋಡೆ, ಮೋಲ್ಡ್ (ಅಂದ್ರೆ ಮೇಲಿನ ಕಾಂಕ್ರೀಟ್ ಚಾವಣಿ), ಟೈಲ್ಸ್, ಪೇಂಟ್ ಎಲ್ಲಾನೂ ಉಳೀತು, ಯಾವ ಗ್ರೀನ್ ಮೆಟೀರಿಯಲ್ ಹಾಕಿದ್ರೂ ಇಷ್ಟು ಉಳಿಯಲ್ಲ.

ಯಾಕೆ ಇಷ್ಟು ಹೇಳ್ತೀನಿ ಅಂದ್ರೆ, ಸಿಮೆಂಟ್ ಮಾಡೋಕೆ ಸುಣ್ಣದಕಲ್ಲನ್ನ ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡ್ತಾರೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಹೋಗಿ ನೋಡಿ, ಭೂಮಿ ತುಂಬ ಅದೇ ಕಲ್ಲು, ಅದಕ್ಕೇ ಫ್ಯಾಕ್ಟರಿಗಳೂ ಅಲ್ಲೇ. ಸುಡೋಕೆ ಹಾಕೋ ಕಲ್ಲಿದ್ದಲಿನ ಹೊಗೆ ಒಂದು ಕಡೆಯಾದ್ರೆ, ಆ ಕಲ್ಲಿನೊಳಗೇ ಇರೋ ಇಂಗಾಲದ ಡೈಆಕ್ಸೈಡ್ ಆಚೆ ಬರೋದು ಇನ್ನೂ ಜಾಸ್ತಿ. ಅಂದ್ರೆ ಸೌದೆ ಬದಲಿಸಿದ್ರೂ, ಕರೆಂಟಲ್ಲೇ ಸುಟ್ರೂ ಅದು ನಿಲ್ಲಲ್ಲ. ಹಾಗಾಗಿ ಸಿಮೆಂಟನ್ನ ಕಮ್ಮಿ ಬಳಸೋದು, ಬಳಸಿದ್ದು 60–70 ವರ್ಷ ಬಾಳೋ ಹಾಗೆ ಮಾಡೋದು, ನನ್ನ ಪ್ರಕಾರ ಅರ್ಧಕ್ಕರ್ಧ ವಿಷಯ ಅಷ್ಟೇ.

ಪಾಯ ಎಷ್ಟು ಆಳ ತೆಗೀಬೇಕು?

ಪಕ್ಕದ ಮನೆಯವರು ಎಷ್ಟು ತೆಗೆದ್ರೋ ಅಷ್ಟು ಅನ್ನೋದು ಉತ್ತರ ಅಲ್ಲ. ಗಟ್ಟಿ ನೆಲ ಸಿಗೋವರೆಗೂ. ನಮ್ಮ ಕಡೆ ಕೆಂಪು ಮಣ್ಣು, ನಾಲ್ಕೈದು ಅಡಿಗೆ ಸಾಮಾನ್ಯವಾಗಿ ಗಟ್ಟಿ ಸಿಗತ್ತೆ. ಆದ್ರೆ ಸೈಟ್ ಹಿಂದೆ ಕೆರೆ ಅಂಗಳವೋ ಹಳ್ಳವೋ ಆಗಿದ್ದು ಮಣ್ಣು ತುಂಬಿಸಿದ್ದಾದ್ರೆ ಹತ್ತಡಿ ಹೋದ್ರೂ ಮೆತ್ತಗೇ ಇರತ್ತೆ, ಅಂಥ ಕಡೆ ಮಣ್ಣು ಪರೀಕ್ಷೆ ಮಾಡಿಸ್ದೆ ಕೈ ಹಾಕ್ಬೇಡಿ. ಊರಲ್ಲಿ ವಯಸ್ಸಾದೋರನ್ನ ಕೇಳಿ, "ಇಲ್ಲಿ ಮುಂಚೆ ಏನಿತ್ತು ತಾತ" ಅಂತ. ಎಷ್ಟೋ ಸಲ ರಿಪೋರ್ಟ್‌ಗಿಂತ ಮುಂಚೆ ಅವರೇ ಹೇಳಿಬಿಡ್ತಾರೆ.

ಹುಬ್ಬಳ್ಳಿ, ಗದಗ, ವಿಜಯಪುರ ಕಡೆ ಎರೆ ಮಣ್ಣಿನ ಕಥೆ ಬೇರೇನೇ. ಮಳೆ ಬಂದ್ರೆ ಉಬ್ಬತ್ತೆ, ಬೇಸಿಗೇಲಿ ಕೈ ತೂರೋ ಅಷ್ಟು ಬಿರುಕು ಬಿಡತ್ತೆ, ಮೇಲಿರೋ ಗೋಡೆ ಏನು ಮಾಡತ್ತೆ ಪಾಪ. ಅಲ್ಲಿ ಎರೆ ತೆಗೆದು ಗರಸು ತುಂಬ್ಸೋದೋ, ಕೆಳಗೆ ಬುಡ ದಪ್ಪ ಇರೋ ಪೈಲ್ (ನೆಲದಾಳಕ್ಕೆ ಇಳಿಸೋ ಕಾಂಕ್ರೀಟ್ ಕಂಬ) ಹಾಕ್ಸೋದೋ, ಇಂಜಿನಿಯರ್ ಹೇಳಿದ ಹಾಗೆ ಮಾಡಿ. ಬೆಂಗಳೂರಿನ ಮೇಸ್ತ್ರಿ ಮಾತು ಅಲ್ಲಿ ನಡೆಯಲ್ಲ.

53 ಗ್ರೇಡ್ ಸಿಮೆಂಟೇ ಗಟ್ಟಿ ಅಲ್ವಾ? ಪಿಪಿಸಿಲಿ ಬೂದಿ ಬೆರೆಸ್ತಾರಂತೆ?

ಬೆರೆಸ್ತಾರೆ, ಮೋಸಕ್ಕಲ್ಲ. 53 ಗ್ರೇಡ್ ಅಂದ್ರೆ ಬೂದಿ ಬೆರೆಸದ ಮಾಮೂಲಿ ಸಿಮೆಂಟ್, ಅದಕ್ಕೆ ಓಪಿಸಿ ಅಂತಾರೆ. ಪಿಪಿಸಿಲಿ ನೂರಕ್ಕೆ 15ರಿಂದ 35 ಭಾಗ ಹಾರುಬೂದಿ ಇರತ್ತೆ, ಥರ್ಮಲ್ ಪ್ಲಾಂಟಲ್ಲಿ ಕಲ್ಲಿದ್ದಲು ಉರಿಸಿದ ಮೇಲೆ ಉಳಿಯೋದು, ನಮ್ಮ ರಾಯಚೂರು ಶಕ್ತಿನಗರದಲ್ಲಿ ಗುಡ್ಡೆ ಗುಡ್ಡೆ ಬರತ್ತಲ್ಲ ಅದೇ. ಪಿಎಸ್‌ಸಿ ಅಂದ್ರೆ ಉಕ್ಕಿನ ಕುಲುಮೆಯ ಕಿಟ್ಟ ಸೇರಿಸಿದ್ದು. ಎರಡೂ ನಿಧಾನಕ್ಕೆ ಗಟ್ಟಿಯಾಗತ್ತೆ ಆದ್ರೆ ಕೊನೆಗೆ ಗಟ್ಟಿಯಾಗೇ ಆಗತ್ತೆ, ಬಿಸಿ ಕಮ್ಮಿ ಹುಟ್ಟತ್ತೆ, ಮೂರು ತಿಂಗಳಾದ ಮೇಲೆ ನೀರು ಇಳಿಯೋದೂ ಕಮ್ಮಿ. ಮನೆ ಕೆಲಸಕ್ಕೆ ನಾನು ಕಣ್ಮುಚ್ಕೊಂಡು ಪಿಪಿಸಿ ಹೇಳ್ತೀನಿ. 53 ಗ್ರೇಡಲ್ಲಿ ಗಾರೆ ಮಾಡಿಸಿ, ನೀರೂ ಸರಿಯಾಗಿ ಹಾಕ್ದೆ, ಗೋಡೆ ತುಂಬ ಕೂದಲೆಳೆ ಬಿರುಕು ಬರಿಸ್ಕೊಂಡೋರನ್ನ ಬೇಕಾದಷ್ಟು ನೋಡಿದೀನಿ. ಬ್ರ್ಯಾಂಡ್ ಕೇಳ್ಬೇಡಿ, ಚೀಲದ ಮೇಲಿರೋ ತಯಾರಾದ ವಾರ ನೋಡಿ, ಮೂರು ತಿಂಗಳು ದಾಟಿದ್ರೆ ವಾಪಸ್ ಕಳ್ಸಿ.

ಎಂ ಸ್ಯಾಂಡ್‌ನಲ್ಲಿ (ಕಲ್ಲು ಒಡೆದು ಮಾಡೋ ಮರಳು) ಕಟ್ಟಿದ್ರೆ ಮನೆ ಬಾಳತ್ತಾ? ನಮ್ಮಪ್ಪ ನದಿ ಮರಳೇ ಬೇಕು ಅಂತಾರೆ.

ಅಪ್ಪ ಅವರ ಮನೆ ಕಟ್ಟಿದ ಕಾಲದ ಮಾತು ಅದು. ಮರಳು ಎತ್ತಿ ಎತ್ತಿ ನಮ್ಮ ಹೊಳೆಗಳಲ್ಲಿ ಬಂಡೆ ಕಾಣ್ತಿದೆ, ಪಕ್ಕದ ಬಾವಿಗಳು ಒಣಗಿವೆ, ಈಗ ಸಿಗೋ ಮರಳಲ್ಲೂ ಮಣ್ಣೇ ಜಾಸ್ತಿ. ಒಳ್ಳೆ ಕ್ರಷರ್‌ನ ತೊಳೆದ ಎಂ ಸ್ಯಾಂಡ್ ಕಾಂಕ್ರೀಟಿಗೆ ಏನೂ ತೊಂದ್ರೆ ಇಲ್ಲ. ಗಾರೆಗೆ ಪಿ ಸ್ಯಾಂಡ್, ಅದು ಇನ್ನೂ ನುಣ್ಣಗಿರತ್ತೆ. ಕಲ್ಲುಪುಡಿ ತಂದು ಎಂ ಸ್ಯಾಂಡ್ ಅಂತ ಸುರಿಯೋರೂ ಇದಾರೆ, ಒಂದು ಹಿಡಿ ತಗೊಂಡು ಅಂಗೈಲಿ ಉಜ್ಜಿ ಕೊಡವಿ, ಕೈ ತುಂಬ ಬಿಳೀ ಹಿಟ್ಟು ಅಂಟಿದ್ರೆ ಲಾರಿ ವಾಪಸ್.

ಮೋಲ್ಡ್ ಹಾಕೋ ದಿನ ನಾವು ಏನೇನು ನೋಡ್ಕೋಬೇಕು?

ಊಟಕ್ಕೇನು ಮಾಡ್ಸೋದು ಅನ್ನೋದನ್ನ ಮನೆಯವರಿಗೆ ಬಿಟ್ಟು, ನೀವು ನೀರಿನ ಡ್ರಮ್ ಪಕ್ಕ ನಿಂತ್ಕೊಳ್ಳಿ. ತಮಾಷೆಗೆ ಹೇಳ್ತಿಲ್ಲ. ಕಾಂಕ್ರೀಟ್ ಹಾಳಾಗೋದು ಕಮ್ಮಿ ಸಿಮೆಂಟಿಂದ ಅಲ್ಲ, ಜಾಸ್ತಿ ನೀರಿಂದ. ಎಂ20 ಅನ್ನೋ ಮಾಮೂಲಿ ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ, ನೀರು ಚೀಲಕ್ಕೆ 30 ಲೀಟರ್ ಮೀರಬಾರದು, ಮರಳು ಒದ್ದೆ ಇದ್ರೆ ಇನ್ನೂ ಕಮ್ಮಿ. ಬೆಳಿಗ್ಗೆ ಎಂಟಕ್ಕೆ ಎಲ್ಲಾ ಲೆಕ್ಕದಲ್ಲೇ ನಡಿಯತ್ತೆ. ಹನ್ನೊಂದಕ್ಕೆ ಬಿಸಿಲು ಏರತ್ತೆ, ಬಾಂಡ್ಲಿ ಹೊರೋರಿಗೆ ಸುಸ್ತು, ಮಾಲು ಗಟ್ಟಿ ಇದ್ರೆ ಎಳೆಯೋದು ಕಷ್ಟ, ಆಗ ಮೇಲಿಂದ ಒಬ್ಬ "ಲೇ, ಇನ್ನೊಂದು ಬಕೆಟ್ ಬಿಡೋ" ಅಂತಾನೆ. ಆ ಒಂದು ಬಕೆಟ್ ಇದೆಯಲ್ಲ, ಅದೇ ಹತ್ತು ವರ್ಷ ಆದ್ಮೇಲೆ ಸೋರೋದು.

ಇನ್ನೊಂದು, ಕಂಬಿ ಕೆಳಗೆ ಕವರ್ ಬ್ಲಾಕ್ (ಕಂಬಿ ಕೆಳಗೆ ತಾಗದ ಹಾಗೆ ಎತ್ತಿ ಹಿಡಿಯೋ ಸಣ್ಣ ಬಿಲ್ಲೆ) ಇದೆಯಾ ಅಂತ ಮಾಲು ಸುರಿಯೋ ಮುಂಚೆ ಬಗ್ಗಿ ನೋಡಿ. ಮೋಲ್ಡಿಗೆ 20 ಮಿಮೀ, ಪಿಲ್ಲರಿಗೆ 40, ಫೂಟಿಂಗಿಗೆ (ಪಿಲ್ಲರಿನ ಅಡಿ ಪಾಯ) 50. ಜಲ್ಲಿ ಚೂರು ಇಟ್ಟು "ಆಯ್ತು ಸಾರ್" ಅಂತಾರೆ, ಯಾರಾದ್ರೂ ಕಂಬಿ ಮೇಲೆ ನಡೆದ ತಕ್ಷಣ ಅದು ಜಾರ್ಕೊಂಡು ಕಂಬಿ ಕೆಳಗಿನ ಶೀಟಿಗೆ ತಾಗತ್ತೆ, ಆಮೇಲೆ ತುಕ್ಕು ಹಿಡಿದು ಸೀಲಿಂಗ್ ಉದುರೋದು ಅಲ್ಲೇ. ಎಲೆಕ್ಟ್ರಿಷಿಯನ್ ಪೈಪ್ ಹಾಕಿದ್ನಾ, ಫ್ಯಾನ್ ಬಾಕ್ಸ್ ಇಟ್ನಾ ಅನ್ನೋದೂ ಅವತ್ತೇ, ಆಮೇಲೆ ಗೋಡೆ ಮೋಲ್ಡು ಕೊರೆಯೋದ್ರಷ್ಟು ದರಿದ್ರ ಕೆಲಸ ಇನ್ನೊಂದಿಲ್ಲ.

ಸೆಂಟ್ರಿಂಗ್ (ಹಸಿ ಕಾಂಕ್ರೀಟ್ ಹೊರೋಕೆ ಕೆಳಗೆ ಕಟ್ಟೋ ಶೀಟು, ಗೂಟ) ಬಿಚ್ಚೋಕೆ ಅವಸರ ಮಾಡ್ತಾರೆ, ಶೀಟು ಬಾಡಿಗೆ ಓಡ್ತಿರತ್ತಲ್ಲ. 15 ಅಡಿ ಒಳಗಿನ ಮೋಲ್ಡಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲ ಇದ್ರೆ 14, ಬೀಮ್ ಕೆಳಗಿನ ಗೂಟ 14ರಿಂದ 21 ದಿನ ಅಂತ ಕೋಡ್ (ಇಂಜಿನಿಯರ್‌ಗಳ ನಿಯಮದ ಪುಸ್ತಕ) ಹೇಳತ್ತೆ. ಅದು ಮಾಮೂಲಿ ಓಪಿಸಿಗೆ, ಪಿಪಿಸಿ ಆದ್ರೆ ಇನ್ನೊಂದಷ್ಟು ದಿನ ತಡೀರಿ.

ಕ್ಯೂರಿಂಗ್ (ಕಾಂಕ್ರೀಟ್, ಗೋಡೆ ಒದ್ದೆಯಾಗಿಡೋದು) ನಿಜವಾಗ್ಲೂ ಅಷ್ಟು ಮುಖ್ಯನಾ? ನೀರಿಗೇ ಬರ ಇರೋವಾಗ?

ಇದಕ್ಕೆ ನನ್ನ ಮನೆ ಕಥೆನೇ ಹೇಳ್ತೀನಿ, ಮಾನ ಹೋದ್ರೂ ಪರ್ವಾಗಿಲ್ಲ. ನಮ್ಮನೆ ಮೋಲ್ಡ್ ಹಾಕಿದ್ದು ಒಂದು ಫೆಬ್ರವರಿಲಿ. ಮರುದಿನ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ವಿ, ಎಲ್ಲಾ ಸರಿ ಇತ್ತು. ನಾಲ್ಕನೇ ದಿನ ತಂಗಿ ಮದುವೆ. ಪಕ್ಕದ ಮನೆ ಹುಡುಗನಿಗೆ "ಬೆಳಿಗ್ಗೆ ಸಂಜೆ ಪೈಪ್ ಬಿಡಪ್ಪ" ಅಂತ ಹೇಳಿ ಹೋದೆ, ಅವನಿಗೆ ಕ್ರಿಕೆಟ್ ಟೂರ್ನಮೆಂಟ್. ಬೀಗರ ಊಟ ಎಲ್ಲಾ ಮುಗಿಸಿ ಬಂದು ಮೇಲೆ ಹತ್ತಿ ನೋಡ್ತೀನಿ, ಕಟ್ಟೆ ಎಲ್ಲಾ ಒಣಗಿ ಬೆಳ್ಳಗಾಗಿದೆ, ಮೋಲ್ಡ್ ಮೇಲೆ ಒಣಗಿದ ಕೆರೆ ಅಂಗಳದ ಥರ ಸಣ್ಣ ಸಣ್ಣ ಬಿರುಕು. ಊರಿಗೆಲ್ಲಾ ಬುದ್ಧಿ ಹೇಳೋನು ನಾನೇ. ಆಗಸ್ಟಲ್ಲಿ ಅಡುಗೆಮನೆ ಮೂಲೇಲಿ ತೊಟ್ಟಿಕ್ಕೋಕೆ ಶುರು ಆಯ್ತು, ಎರಡು ಸಲ ವಾಟರ್‌ಪ್ರೂಫಿಂಗ್ ಮಾಡಿಸಿದೀನಿ, ಇವತ್ತಿಗೂ ಜೋರು ಮಳೆ ಬಂದ್ರೆ ನಮ್ಮನೆಯವಳು ನನ್ನ ಮುಖ ನೋಡ್ತಾಳೆ.

ಸಿಮೆಂಟ್ ಒಣಗಿ ಗಟ್ಟಿಯಾಗೋದಲ್ಲ, ನೀರು ಕುಡಿದು ಗಟ್ಟಿಯಾಗೋದು. ಓಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ ಕನಿಷ್ಠ 10, ನಾನು 14 ಹೇಳ್ತೀನಿ. ನೀರಿಗೆ ಬರ ಅಂದ್ರೆ ಅದಕ್ಕೂ ದಾರಿ ಇದೆ: ಪಿಲ್ಲರಿಗೆ ಗೋಣಿಚೀಲ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಒಂದ್ಸಲ ನೆನೆಸಿದ್ರೆ ಬೇಗ ಒಣಗಲ್ಲ. ಗೋಡೆಗೆ ಮಧ್ಯಾಹ್ನ ಹನ್ನೆರಡಕ್ಕೆ ಪೈಪ್ ಹಿಡಿದು ಅರ್ಧ ನೀರು ರಸ್ತೆಗೆ ಹರಿಸೋದಕ್ಕಿಂತ ಬೆಳಿಗ್ಗೆ ಬೇಗ ಒಂದ್ಸಲ, ಸಂಜೆ ಒಂದ್ಸಲ ಸಣ್ಣಗೆ ಹೊಡೀರಿ.

ಕಾವೇರಿ ನೀರಲ್ಲೇ ಮನೆ ಕಟ್ಟಬಹುದಾ?

ಬೆಂಗಳೂರಲ್ಲಿ 2024ರ ಮಾರ್ಚಲ್ಲಿ ಬೋರ್‌ವೆಲ್ ಎಲ್ಲಾ ಕೈ ಕೊಟ್ಟಾಗ ಜಲಮಂಡಳಿ ಕುಡಿಯೋ ನೀರನ್ನ ಕಟ್ಟಡ ಕೆಲಸಕ್ಕೆ, ಕಾರ್ ತೊಳೆಯೋಕೆ ಬಳಸ್ಬಾರದು ಅಂತ ಆರ್ಡರ್ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು. ಎಸ್‌ಟಿಪಿಲಿ (ಕೊಳಚೆ ನೀರಿನ ಘಟಕದಲ್ಲಿ) ಶುದ್ಧ ಮಾಡಿದ ನೀರು ಕ್ಯೂರಿಂಗಿಗೆ ನಡಿಯತ್ತೆ. ಕಾಂಕ್ರೀಟಿಗೆ ಬೆರೆಸೋದಾದ್ರೆ ಟೆಸ್ಟ್ ರಿಪೋರ್ಟ್ ನೋಡಿ ಹಾಕ್ಸಿ, ಉಪ್ಪಿನಂಶ ಇದ್ರೆ ಕಂಬಿ ತಿನ್ನತ್ತೆ.

ಮಣ್ಣಿನ ಇಟ್ಟಿಗೆ ಮಳೆಗೆ ಕರಗಲ್ವಾ?

ಬರೀ ಮಣ್ಣಿನ ಹಸಿ ಇಟ್ಟಿಗೆ ಕರಗತ್ತೆ. ನಾನು ಹೇಳೋದು ಒತ್ತಿಟ್ಟಿಗೆ, ಮಣ್ಣಿಗೆ 6ರಿಂದ 8 ಪರ್ಸೆಂಟ್ ಸಿಮೆಂಟ್ ಬೆರೆಸಿ ಮಿಷನ್‌ನಲ್ಲಿ ಒತ್ತಿದ್ದು, ಸುಡೋದೇ ಇಲ್ಲ. ಇದರ ಮೇಲೆ ಕೆಲಸ ಮಾಡಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟೇ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಅಂತ ಒಂದು ಕೇಂದ್ರ ಶುರು ಮಾಡಿದ್ರು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಹಳ್ಳೀಲೇ ಕೂತು ಮಾಡ್ಬೇಕು ಅಂತ ನಮ್ಮ ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಇತ್ತು. ಕೆ.ಎಸ್. ಜಗದೀಶ್ ಅವರಂಥ ಸಿವಿಲ್ ಇಂಜಿನಿಯರ್‌ಗಳು ಈ ಇಟ್ಟಿಗೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಾರೆ. ಇಷ್ಟಾದ್ರೂ ನಮ್ಮೂರೋರು ಇದು ಏನೋ ಫಾರಿನ್ ಐಡಿಯಾ ಅನ್ನೋ ಹಾಗೆ ನೋಡ್ತಾರೆ.

ಮಣ್ಣು ಆಗತ್ತೋ ಇಲ್ವೋ ಮನೇಲೇ ನೋಡ್ಬಹುದು. ಮೇಲಿನ ಒಂದೆರಡು ಅಡಿ ಬೇರು ಕಸ ಇರೋ ಮಣ್ಣು ಬಿಟ್ಟು ಕೆಳಗಿಂದ ತೆಗೀರಿ. ಖಾಲಿ ಹಾರ್ಲಿಕ್ಸ್ ಬಾಟಲಿಗೆ ಕಾಲು ಭಾಗ ಮಣ್ಣು, ಮಿಕ್ಕಿದ್ದು ನೀರು, ಒಂದು ಚಿಟಿಕೆ ಉಪ್ಪು, ಚೆನ್ನಾಗಿ ಅಲ್ಲಾಡಿಸಿ ಕಿಟಕಿ ಮೇಲೆ ಇಟ್ಟುಬಿಡಿ. ಒಂದೆರಡು ನಿಮಿಷಕ್ಕೆ ಮರಳು ತಳಕ್ಕೆ ಕೂರತ್ತೆ, ಆಮೇಲೆ ನುಣ್ಣನೆ ರೇವೆ, ಜೇಡಿ ಮಾತ್ರ ಮರುದಿನದವರೆಗೂ ತೇಲ್ತಾ ಇರತ್ತೆ. ಮೂರಲ್ಲಿ ಎರಡು ಪಾಲು ಮರಳೇ ಇದ್ದು ಜೇಡಿ ಹತ್ತು ಹದಿನೈದು ಪರ್ಸೆಂಟ್ ಇದ್ರೆ ಬಂಗಾರ. ಜೇಡಿ ಜಾಸ್ತಿ ಇದ್ರೆ ಎಂ ಸ್ಯಾಂಡೋ ಕ್ವಾರಿ ಪುಡಿಯೋ ಬೆರೆಸಿ ಸರಿ ಮಾಡ್ಬಹುದು. ಎರೆ ಮಣ್ಣಿಗೆ ಈ ಆಸೆ ಬೇಡ.

ಸಂಪು, ಪಾಯ ತೋಡಿದ ಮಣ್ಣೇ ಇದಕ್ಕೆ ಬರತ್ತೆ, ಟ್ರ್ಯಾಕ್ಟರಲ್ಲಿ ಆಚೆ ಸಾಗಿಸೋ ದುಡ್ಡೂ ಉಳೀತು. ಒತ್ತಿದ ಮೇಲೆ ಮೂರು ವಾರ ನೆರಳಲ್ಲಿ ನೀರು ಚಿಮುಕಿಸಿ ಒದ್ದೆಯಾಗಿಡ್ಬೇಕು. ಆಮೇಲೆ ಒಂದನ್ನ ರಾತ್ರಿ ಬಕೆಟಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ತೆಗೀರಿ, ಅಂಚು ಕೈಯಲ್ಲಿ ಉದುರಿದ್ರೆ ಆ ಲಾಟ್ ಬೇಡ. ತಳಪಾಯ ನೆಲದಿಂದ ಒಂದೂವರೆ ಎರಡಡಿ ಎತ್ತರ ಇರ್ಬೇಕು, ಮೇಲೆ ಸಜ್ಜೆ ಅಗಲ ಬೇಕು, ಅಷ್ಟಿದ್ರೆ ಒಳಗೂ ಹೊರಗೂ ಗಾರೆನೇ ಬೇಡ. ಒಂದು ಕಷ್ಟ ಮಾತ್ರ ಇದೆ: ಗಾರೆ ಇಲ್ಲದ ಗೋಡೆ ಕಟ್ಟೋಕೆ ಕೈ ಬೇಕು. ಗಾರೇಲಿ ಮುಚ್ಕೊಳತ್ತೆ ಅಂತ ಸೊಟ್ಟ ಕಟ್ಟಿ ರೂಢಿ ಆಗಿರೋ ಮೇಸ್ತ್ರಿ ಇಲ್ಲಿ ಸಿಕ್ಕಿಹಾಕ್ಕೊಳ್ತಾನೆ.

ಮಂಗಳೂರು, ಉಡುಪಿಯೋರು ಇದನ್ನೆಲ್ಲಾ ಓದಬೇಕಾಗೇ ಇಲ್ಲ, ನಿಮ್ಗೆ ಮುರಕಲ್ಲಿದೆ (ಜಂಬಿಟ್ಟಿಗೆ ಕಲ್ಲು), ಅದನ್ನೇ ಕಟ್ಟಿ.

ಸುಣ್ಣದ ಗಾರೆ ಈಗ್ಲೂ ಮಾಡ್ಸಬಹುದಾ?

ಕನ್ನಂಬಾಡಿ ಕಟ್ಟೆ ನಿಂತಿರೋದೇ ಸುರ್ಕಿ ಗಾರೆ ಮೇಲೆ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು. ಮಾಡ್ಸಬಹುದು, ಆದ್ರೆ ನಿಧಾನ, ಗೊತ್ತಿರೋ ಕೆಲಸದವರು ಸಿಗೋದು ಅಪರೂಪ. ಗೃಹಪ್ರವೇಶದ ಮುಹೂರ್ತ ಇಟ್ಕೊಂಡು ಓಡ್ತಿರೋರಿಗೆ ನಾನು ಹೇಳಲ್ಲ.

ಫಿಲ್ಲರ್ ಸ್ಲ್ಯಾಬ್ ಅಂದ್ರೇನು? ಮಧ್ಯ ಹೆಂಚು ಇಟ್ರೆ ವೀಕ್ ಆಗಲ್ವಾ?

ಮೋಲ್ಡ್ ಬಗ್ಗಿದಾಗ ಮೇಲಿನ ಭಾಗ ಒತ್ತಿಕೊಳ್ಳತ್ತೆ, ಕೆಳಗಿನ ಭಾಗ ಎಳೆದುಕೊಳ್ಳತ್ತೆ. ಕಾಂಕ್ರೀಟ್ ಒತ್ತಡಕ್ಕೆ ಹುಲಿ, ಎಳೆತಕ್ಕೆ ಇಲಿ. ಕೆಳಗೆ ಎಳೆತ ತಡ್ಕೊಳೋದು ಕಂಬಿನೇ ಹೊರತು ಕಾಂಕ್ರೀಟ್ ಅಲ್ಲ. ಹಾಗಾದ್ರೆ ಕಂಬಿ ಕಂಬಿ ನಡುವೆ ಕೆಳಗಿರೋ ಕಾಂಕ್ರೀಟ್ ಸುಮ್ನೆ ತೂಕ, ಅಲ್ಲಿ ಹಳೇ ಮಂಗಳೂರು ಹೆಂಚು ಇಟ್ಟುಬಿಟ್ರೆ ಅದೇ ಫಿಲ್ಲರ್ ಸ್ಲ್ಯಾಬ್, ಕಾಂಕ್ರೀಟಲ್ಲಿ ಸುಮಾರು ಐದರಲ್ಲೊಂದು ಪಾಲು ಉಳಿಯತ್ತೆ, ಎರಡು ಹೆಂಚು ಬೋರಲು ಹಾಕಿ ಜೋಡಿಸಿದ್ರೆ ನಡುವೆ ಗಾಳಿ ನಿಂತು ಬಿಸೀನೂ ಕಮ್ಮಿ. ಕೇರಳದಲ್ಲಿ ಲಾರಿ ಬೇಕರ್ ಅನ್ನೋ ವಾಸ್ತುಶಿಲ್ಪಿ ಇದನ್ನ ಜನಪ್ರಿಯ ಮಾಡಿದ್ರು. ಡಿಸೈನ್ ಮಾತ್ರ ಸ್ಟ್ರಕ್ಚರಲ್ ಇಂಜಿನಿಯರ್ ಕೈಲೇ ಮಾಡ್ಸಿ, ಮೇಸ್ತ್ರಿ ಅಂದಾಜಲ್ಲಿ ಹೆಂಚು ತುರುಕೋದಲ್ಲ. ಹೆಂಚನ್ನ ಚೆನ್ನಾಗಿ ನೆನೆಸಿ ಇಡಿ, ಇಲ್ದಿದ್ರೆ ಅದೇ ಕಾಂಕ್ರೀಟಿನ ನೀರು ಹೀರತ್ತೆ.

ಇಟ್ಟಿಗೆನ ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟೋ ರ‍್ಯಾಟ್ ಟ್ರ್ಯಾಪ್ ಗೋಡೆನೂ ಬೇಕರ್ ಹೆಸರಲ್ಲೇ ಕೇಳ್ತಾರೆ, ನೂರರಲ್ಲಿ 25 ಇಟ್ಟಿಗೆ ಉಳಿಯತ್ತೆ ನಿಜ, ಆದ್ರೆ ನಮ್ಮ ಗೂಡಿನ ಇಟ್ಟಿಗೆ ಒಂದೊಂದೂ ಒಂದೊಂದು ಅಳತೆ. ಮಿಷನ್ ಇಟ್ಟಿಗೆ ಸಿಕ್ಕಿದ್ರೆ ಮಾತ್ರ ಕೈ ಹಾಕಿ.

ಮೇಲಿನ ಮನೆ ಬೇಸಿಗೇಲಿ ಒಲೆ ಥರ ಆಗತ್ತೆ, ಏನು ಮಾಡೋದು?

ಬಿಸಿ ಬರೋದು ಹೆಚ್ಚು ಮೋಲ್ಡಿಂದ, ಆಮೇಲೆ ಪಶ್ಚಿಮದ ಗೋಡೆಯಿಂದ. ಹಗಲೆಲ್ಲಾ ಕಾದ ಕಾಂಕ್ರೀಟ್ ರಾತ್ರಿ ಹತ್ತಕ್ಕೆ ನಿಮ್ಮ ಮಂಚದ ಮೇಲೆ ಬಿಸಿ ಬಿಡ್ತಿರತ್ತೆ. ತಾರಸಿಗೆ ಬಿಳೀ ಬಣ್ಣ ಬಳಿಸಿ, ಎಸಿಗಿಂತ ಮುಂಚೆ ಮಾಡ್ಬೇಕಾದ್ದು ಅದು. ಪಶ್ಚಿಮಕ್ಕೆ ಬಚ್ಚಲು, ಸ್ಟೋರ್, ಮೆಟ್ಟಿಲು ಕೊಡಿ, ಮಲಗೋ ಕೋಣೆ ಬೇಡ (ವಾಸ್ತುನವರು ನೈಋತ್ಯಕ್ಕೇ ಮಾಸ್ಟರ್ ಬೆಡ್‌ರೂಮ್ ಅಂತಾರೆ, ಆ ಜಗಳಕ್ಕೆ ನಾನು ಬರಲ್ಲ, ಆದ್ರೆ ಹಾಗೆ ಕೊಟ್ರೆ ಹೊರಗೊಂದು ಹೊಂಗೆ ಗಿಡ ಹಾಕಿ). ಕಿಟಕಿ ಎದುರುಬದುರು ಇರ್ಲಿ, ಸಜ್ಜೆ ಎರಡಡಿ ಇರ್ಲಿ.

ಮಳೆನೀರು ಕೊಯ್ಲು ನಮ್ಮ ಚಿಕ್ಕ ಮನೆಗೆ ಯಾಕೆ?

ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಮೀ ಮಳೆ ಬಿದ್ರೆ ಒಂದು ಲೀಟರ್. 30×40 ಸೈಟಲ್ಲಿ ಒಂಬತ್ತು ಚದರ ತಾರಸಿ ಅಂದ್ರೆ ಸುಮಾರು 84 ಚದರ ಮೀಟರ್. ಬೆಂಗಳೂರಲ್ಲಿ ವರ್ಷದ ಸರಾಸರಿ ಮಳೆ 970 ಮಿಮೀ ಆಸುಪಾಸು. ಆವಿ ಆಗಿದ್ದು ಚೆಲ್ಲಿದ್ದು ಎಲ್ಲಾ ಬಿಟ್ಟು ನೂರಕ್ಕೆ 80 ಸಿಕ್ಕಿದ್ರೂ 65,000 ಲೀಟರ್, ಅಂದ್ರೆ 6,000 ಲೀಟರಿನ ಟ್ಯಾಂಕರ್ ಹತ್ತು ಹನ್ನೊಂದು. ಮೇ ತಿಂಗಳಲ್ಲಿ ಟ್ಯಾಂಕರ್‌ನವನಿಗೆ ಫೋನ್ ಮಾಡಿ ಕಾದೋರಿಗೆ ಇದರ ಬೆಲೆ ಗೊತ್ತು. ಬೆಂಗಳೂರಲ್ಲಿ 2009ರಿಂದಲೇ ಹೊಸ 30×40 ಮನೆಗಳಿಗೆ ಇದು ಕಡ್ಡಾಯ, ಬರೀ ತೋರಿಕೆಗೆ ಒಂದು ಡ್ರಮ್ ಇಟ್ಟು ಫೋಟೋ ತೆಗೆಸಿಕೊಳ್ಳೋರೂ ಇದಾರೆ. ಜಯನಗರದಲ್ಲಿ ಜಲಮಂಡಳಿಯವರ ಮಳೆನೀರು ಥೀಮ್ ಪಾರ್ಕ್ ಇದೆ, ಪ್ಲಾನ್ ಮಾಡೋ ಮುಂಚೆ ಒಂದು ರೌಂಡ್ ಹೋಗಿಬನ್ನಿ.

ಪೈಪೆಲ್ಲಾ ಒಂದೇ ಮೂಲೆಗೆ ಬರೋ ಹಾಗೆ ತಾರಸಿ ಇಳಿಜಾರು ಮಾಡ್ಸಿ, ಇದನ್ನ ಮೋಲ್ಡ್ ಹಾಕೋವಾಗ್ಲೇ ಹೇಳ್ಬೇಕು. ಮೊದಲ ಮಳೆಯ ನೂರು ನೂರೈವತ್ತು ಲೀಟರ್ ಧೂಳು, ಪಾರಿವಾಳದ ಹಿಕ್ಕೆ ಎಲ್ಲಾ ತೊಳ್ಕೊಂಡು ಬರತ್ತೆ, ಅದನ್ನ ಆಚೆ ಬಿಡೋ ವಾಲ್ವ್ ಇರ್ಲಿ. ಜಾಸ್ತಿ ಆದ ನೀರು ಮೋರಿಗಲ್ಲ, ಇಂಗುಗುಂಡಿಗೆ.

ಕಾಂಟ್ರ್ಯಾಕ್ಟ್ ಚದರದ ಲೆಕ್ಕದಲ್ಲಿ ಕೊಡೋದಾ?

ಕೊಡಿ, ಆದ್ರೆ ಸಂಪು, ಕಾಂಪೌಂಡು, ಹೆಡ್‌ರೂಮು (ತಾರಸಿ ಮೆಟ್ಟಿಲ ಮೇಲಿನ ಕೋಣೆ), ಬಾಲ್ಕನಿ ಆ ಲೆಕ್ಕದೊಳಗೋ ಹೊರಗೋ ಅಂತ ಬರೆಸ್ಕೊಳ್ಳಿ. ನಾನು ನೋಡಿದ ಜಗಳಗಳಲ್ಲಿ ಮುಕ್ಕಾಲು ಪಾಲು ಇಲ್ಲೇ. ದುಡ್ಡು ಕೆಲಸದ ಹಿಂದೆ ಹೋಗ್ಲಿ, ಮುಂದೆ ಬೇಡ.

ಕೆಲಸದವರ ಸೇಫ್ಟಿ ನಮ್ಮ ತಲೆನೋವಾ?

ನಿಮ್ಮದೇ ಮನೆ, ನಿಮ್ಮದೇ. ಒಂದು ವಿಷಯ ಮಾತ್ರ ದಯವಿಟ್ಟು ಮರೀಬೇಡಿ: ಸಂಪಿನ ಮುಚ್ಚಳದ ಸೆಂಟ್ರಿಂಗ್ ಬಿಚ್ಚೋಕೆ ಒಬ್ಬನನ್ನೇ ಇಳಿಸ್ಬೇಡಿ. ವಾರಗಟ್ಟಲೆ ಮುಚ್ಚಿರೋ ಸಂಪಲ್ಲಿ ಒದ್ದೆ ಹಲಗೆ ಕೊಳೆತು ಆಮ್ಲಜನಕ ಕಮ್ಮಿ ಆಗಿರತ್ತೆ, ಇಳಿದವನು ಕೂಗೋಕೂ ಆಗದೆ ಕುಸಿದು ಬೀಳ್ತಾನೆ, ಎತ್ತೋಕೆ ಹೋದ ಇನ್ನೊಬ್ಬನೂ ಅಲ್ಲೇ. ಒಂದು ದಿನ ಮುಂಚೆ ಮುಚ್ಚಳ ತೆಗೆದಿಟ್ಟು, ಫ್ಯಾನೋ ಬ್ಲೋವರೋ ಹಾಕಿ ಗಾಳಿ ಆಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದಿರ್ಲಿ.

ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರೋ 18ರಿಂದ 60 ವಯಸ್ಸಿನೋರು ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಡ್ ಮಾಡಿಸ್ಕೋಬಹುದು. ರಾಯಚೂರು ಯಾದಗಿರಿಯಿಂದ ಬಂದೋರಿಗೆ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ, ಕೆಲಸ ಮಾಡಿದ ದಿನಗಳ ಬಗ್ಗೆ ಒಂದು ಕಾಗದ ಕೇಳಿದ್ರೆ ಬರೆದುಕೊಡಿ.

ಹಳೇ ಮನೆ ಕೆಡವಿ ಕಟ್ತಿದೀವಿ, ಏನಾದ್ರೂ ಉಳಿಸ್ಕೋಬಹುದಾ?

ಜೆಸಿಬಿ ಕರೆಸೋ ಮುಂಚೆ ಒಂದು ವಾರ ಕೈಯಲ್ಲಿ ಬಿಚ್ಚೋರನ್ನ ಕರೆಸಿ. ಹೊನ್ನೆ, ತೇಗದ ಬಾಗಿಲು ಕಿಟಕಿ, ಚಪ್ಪಡಿ ಕಲ್ಲು, ಶಹಾಬಾದ್ ಕಲ್ಲು, ಹೆಂಚು ಎಲ್ಲಾ ಬರತ್ತೆ. ಇಟ್ಟಿಗೆ ಚೂರು ಗಾರೆ ಚೂರು ಪಾಯದೊಳಗೆ ತುಂಬೋಕೆ ಆಗತ್ತೆ, ಮರದ ಚೂರು ಮಾತ್ರ ಬಿಡ್ಬೇಡಿ, ಗೆದ್ದಲು ಬರತ್ತೆ. ಮೊನ್ನೆ ಗುಬ್ಬಿ ಹತ್ರ ಒಬ್ರು ಅಜ್ಜಿ ಮನೆಯ ನಾಲ್ಕು ಕಲ್ಲುಕಂಬ ಗುಜರಿಗೆ ಕೊಡೋಕೆ ಹೊರಟಿದ್ರು, ತಡೆದು ವರಾಂಡಕ್ಕೆ ಹಾಕಿಸ್ದೆ. ಒಂದರ ಬುಡದಲ್ಲಿ ಅಜ್ಜಿ ಹಸು ಕಟ್ತಿದ್ದ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು ಹಾಗೇ ಇದೆ. ಅದನ್ನ ಪಾಲಿಶ್ ಮಾಡ್ಬೇಡ ಅಂತ ಟೈಲ್ಸ್ ಹುಡುಗನಿಗೆ ಎರಡು ಸಲ ಹೇಳಿ ಬಂದಿದೀನಿ.